ಎರಡು ಚಮಚ ಬ್ರಾಂದಿ

ಬಲಗೈಯ ಹೆಬ್ಬೆರಳು, ತೋರುಬೆರಳು ಎರಡರ ತುದಿಗಳೂ ಹುಣಸೆ ಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿದ್ದವು. ಬಿಸಿ ಸಕ್ಕರೆ ಪಾಕದ ಎಳೆ ನೋಡಿ ನೋಡಿ ಗೆರೆಗಳೆಲ್ಲ ಸವೆದುಹೋಗಿದ್ದವು. ಹೆಬ್ಬೆಟ್ಟು ಒತ್ತಿದರೆ ಬರೀ ಮಸಿಯ ಬೊಟ್ಟು ಬೀಳುತ್ತಿತ್ತು. “ನನ್ ಗುರ್ತ ಸಕ್ರೆ ತಿಂದ್ಬುಡ್ತು ಕಣವ್ವ” ಎಂದು ನಗುತ್ತಿದ್ದಳು ನಮ್ಮ ಬಂಗಲೆ ಅಕ್ಕ. ಹುಟ್ಟಿದ್ದು ಟಿ. ನರಸೀಪುರ. ಮೈಸೂರಿನ ಬಂಗಲೆಯೊಂದರಲ್ಲಿ ಅಡಿಗೆ ಮಾಡುತ್ತಲೇ ವಯಸ್ಸಾಗಿ, ನಂಜನಗೂಡಿನಲ್ಲಿ ನಮ್ಮ ಪಕ್ಕದ ಮನೆಗೆ ಬಂದವಳು.

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಮೊಮ್ಮಗಳಿಗೆ ವರ್ಷ ತುಂಬಿದ ಸಂತೋಷ ತಡೆಯಲಾಗದೆ ಬರೆಯುತ್ತಿದ್ದೇನೆ. ಈ ಸಂತೋಷದಲ್ಲಿ ಅರ್ಧ ಆ ಅಕ್ಕನದು.

ತೊಂಬತ್ತರ ದಶಕದ ಕೊನೆ. ನಮ್ಮ ಯಜಮಾನರು ಊರ ಹತ್ತಿರದ ತಾಂಡ್ಯದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಕುಡಿದು ಕುಡಿದು ಆಸ್ಪತ್ರೆ ಸೇರಿದ್ದರು. ಇನ್ನು ಕುಡಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಬಿಟ್ಟು ಎಂಟು ತಿಂಗಳಾಗಿತ್ತು. ಆಗಲೇ ಬಂಗಲೆಯ ಹಳೇ ಅಮ್ಮನವರು ಕ್ರಿಸ್‌ಮಸ್‌ಗೆ ಬ್ರಾಂದಿ ಗೋಡಂಬಿ ಬೇಕೆಂದು ಅಕ್ಕನಿಗೆ ಹೇಳಿಕಳಿಸಿದರು. ಅವಳ ಒಲೆ ಚಿಕ್ಕದು. ನಮ್ಮ ಮನೆಯಲ್ಲೇ ಬಾಣಲೆ ಏರಿತು.

ಸಕ್ಕರೆ ಪಾಕಕ್ಕೆ ಹುರಿದ ಗೋಡಂಬಿ ಹಾಕಿ ಕೈಬಿಡದೆ ತಿರುವಬೇಕು. ಪಾಕ ಮರಳು ಮರಳಾಗಿ ಬೀಜಕ್ಕೆ ಅಂಟಿದ ಮೇಲೆ, ಒಲೆಯಿಂದ ಇಳಿಸಿ ಎರಡೇ ಚಮಚ ಬ್ರಾಂದಿ. ಇಳಿಸಿ ಹಾಕಿದ್ದಾಯಿತು. ಆರಹಾಕಲು ಬಾಳೆ ಎಲೆ ಕೊಯ್ಯಲು ಅಕ್ಕ ಹಿತ್ತಲಿಗೆ ಹೋದಳು. ಯಜಮಾನರು ಬರುವ ಹೊತ್ತು. ಮಿಕ್ಕ ಬ್ರಾಂದಿ ಅವರ ಕಣ್ಣಿಗೆ ಬಿದ್ದರೆ? ನಾನು ಬಾಟಲಿಯನ್ನೇ ಬಾಣಲೆಗೆ ಬಗ್ಗಿಸಿಬಿಟ್ಟೆ. ಸಕ್ಕರೆಯೆಲ್ಲ ಕರಗಿ ಗಂಜಿಯಾಯಿತು.

“ಅಯ್ಯೋ ನಿನ್ ಮನೆ ಕಾಯೋಗ! ಏನವ್ವ ಮಾಡ್ದೆ?”

“ಮನೇಲಿದ್ರೆ ಅವ್ರು ಬುಟ್ಟಾರಾ ಅಕ್ಕ?”

ಅವಳು ಬಾಣಲೆಯನ್ನು ಮತ್ತೆ ಒಲೆಗಿಟ್ಟಳು. ಭಗ್ ಎಂದು ನೀಲಿ ಉರಿ ಎದ್ದಿತು. ತಟ್ಟೆ ಮುಚ್ಚಿ ಆರಿಸಿದಳು. ತಿರುಗಿ ನೋಡಿದರೆ ಯಜಮಾನರು ಬಾಗಿಲಲ್ಲೇ ನಿಂತಿದ್ದರು.

“ಗಮಲೆಲ್ಲ ಸುಟ್ಟೋಯ್ತು. ತಮ್ಮಯ್ಯ, ಓಗಿ ಒಂದ್ ಕ್ವಾಟ್ರು ಬ್ರಾಂದಿ ತತ್ತೀಯಾ?” ಎಂದಳು ಅಕ್ಕ.

ನಾನು ಅವಳ ಕೈ ಹಿಡಿದುಕೊಂಡೆ. “ಅಕ್ಕಾ, ನಿನ್ ಕಾಲಿಗ್ ಬೀಳ್ತೀನಿ, ಅವ್ರ ಕಳುಸ್ಬ್ಯಾಡ!”

ಅವರು ಆಗಲೇ ಚಪ್ಪಲಿ ಮೆಟ್ಟಿ ಹೊರಟಿದ್ದರು. “ನೀನು ಇಂಗೇ ಕಾವ್ಲು ಕಾದ್ರೆ ಅವ್ನು ಕಳ್ಳ್ನೇ ಆಯ್ತಾನೆ” ಎಂದಳು ಅಕ್ಕ. “ಎಷ್ಟ್ ಬಾಟ್ಲಿ ಬಾಣ್ಲಿಗ್ ಸುರಿದೀಯೆ ನೀನು?”

ಅಂಗಡಿ ಇದ್ದದ್ದು ಬಸ್ ಸ್ಟ್ಯಾಂಡಿನ ಪಕ್ಕ, ಐದು ನಿಮಿಷದ ದಾರಿ. ಅರ್ಧ ಗಂಟೆಯಾಯಿತು. ಪಾಕ ಬತ್ತಿ ಮತ್ತೆ ಬೆಳ್ಳಗೆ ಮರಳಾಯಿತು. ಬಾಣಲೆ ಇಳಿಸಿದಳು. ಬಿಸಿ ಆರಿದರೆ ಬ್ರಾಂದಿ ಹಿಡಿಯುವುದಿಲ್ಲ. ತಿರುವುತ್ತಾ ತಿರುವುತ್ತಾ ಅವಳೂ ಬಾಗಿಲ ಕಡೆ ನೋಡುತ್ತಿದ್ದಳು. ಅವಳಿಗೂ ಹೆದರಿಕೆ ಇತ್ತೆಂದು ನನಗೆ ಆಗ ಗೊತ್ತಾಯಿತು.

ಬಂದರು. ಅಂಗಿಯೆಲ್ಲ ಬೆವರು. ಬಾಟಲಿಯ ಮುಚ್ಚಳದ ಸೀಲು ಒಡೆದಿರಲಿಲ್ಲ. “ಹಳೇ ದೋಸ್ತ್‌ಗಳು ಇಡ್ಕಂಡ್ಬುಟ್ರು. ಗೋಡಂಬಿಗೆ ಅಂದ್ರೆ ಬಿದ್ ಬಿದ್ ನಗ್ತವೆ ನನ್ಮಕ್ಳು!”

ಅಕ್ಕ ಚಮಚವನ್ನು ಅವರ ಕೈಗೇ ಕೊಟ್ಟಳು. ಒಂದು. ಎರಡು. ಬಾಣಲೆ ಚುಯ್ ಎಂದಿತು, ಗಮಲು ಎದ್ದಿತು. ಅವರು ಕಣ್ಣು ಮುಚ್ಚಿಕೊಂಡರು. ನಾನು ಬಾಟಲಿಯನ್ನೇ ನೋಡುತ್ತಿದ್ದೆ. ಆಮೇಲೆ ಬಿರಡೆ ತಿರುಗಿಸಿ ಬಿಗಿ ಮಾಡಿದರು.

“ಚರಂಡಿಗೆ ಸುರೀತೀನಿ, ಕೊಡಿ” ಎಂದು ಕೈ ಚಾಚಿದೆ.

ಅಕ್ಕ ನನ್ನ ಕೈ ತಡೆದಳು. “ಅವ್ನ ಕೇಳು.”

“ಇರ್ಲಿ, ಮುಂದ್ಲೊರ್ಷಕ್ಕಾಯ್ತದೆ” ಎಂದು ಅವರೇ ಅಟ್ಟಣಿಗೆಯ ಮೇಲಿಟ್ಟರು.

ನಾನು ದಿನವೂ ಆ ಬಾಟಲಿ ಎತ್ತಿ ನೋಡುತ್ತಿದ್ದೆ. ಒಳಗಿನ ಬ್ರಾಂದಿ ಇಳಿಯಲಿಲ್ಲ. ನೋಡುವುದನ್ನು ಯಾವತ್ತು ಬಿಟ್ಟೆನೋ ನನಗೇ ಗೊತ್ತಿಲ್ಲ.

ಎರಡು ಕ್ರಿಸ್‌ಮಸ್ ಕಳೆದ ಮೇಲೆ ಅಕ್ಕ ನರಸೀಪುರದಲ್ಲಿ, ಅವಳ ಅಣ್ಣನ ಮನೆಯಲ್ಲಿ ತೀರಿಕೊಂಡಳು. ಕೊನೆಗೆ ಬಾಯಿಗೆ ನೀರು ಬಿಟ್ಟವರು ನಮ್ಮ ಯಜಮಾನರು.

ಇಗೋ, ಈಗ ಮೊಮ್ಮಗಳು ತಾತನ ತೊಡೆ ಮೇಲೆ ಕೂತು ಮೀಸೆ ಹಿಡಿದು ಜಗ್ಗುತ್ತಿದ್ದಾಳೆ. “ಲೇ, ಬುಡುಸ್ಬಾರೇ!” ಎಂದು ಅವರು ಕೂಗುತ್ತಿದ್ದಾರೆ. ನಾನು ಹೋಗುತ್ತಿಲ್ಲ. ಇನ್ನಷ್ಟು ಹೊತ್ತು ಕೂಗಲಿ.