ಡೋಂಗಿ ಸ್ವಾಮಿಯ ಪಾತ್ರ

ನಾವು ಊರೂರು ತಿರುಗಿ ಬೀದಿನಾಟಕ ಆಡುವವರು. ಮೈಮೇಲೆ ದೇವರು ಬಂತೆಂದು ಜನರನ್ನು ಯಾಮಾರಿಸುವ ಡೋಂಗಿ ಸ್ವಾಮಿಯ ಪಾತ್ರ ನನ್ನದು. ಅವನನ್ನು ನೋಡಿ ಒಮ್ಮೆ ನಕ್ಕವರು ಮತ್ತೆ ಅಂಥವರ ಕಾಲಿಗೆ ಬೀಳಲಾರರು ಅನ್ನೋದು ನಮ್ಮ ನಂಬಿಕೆ.

ಎಚ್.ಡಿ. ಕೋಟೆ ಕಡೆ, ಕಬಿನಿ ಹಿನ್ನೀರಿನ ಪಕ್ಕದ ಒಂದು ಹಳ್ಳಿಯಲ್ಲಿ ಹಾಲಿನ ಡೇರಿ ಮುಂದೆ ಆಟ ನಡೆದಿತ್ತು. ಜನ ಬಿದ್ದು ಬಿದ್ದು ನಗುತ್ತಿದ್ದರು. ಆ ಹುರುಪಿನಲ್ಲಿ ನಾನು ಕಣ್ಣು ತೇಲಿಸಿ, ಬಾಯಿಗೆ ಬಂದ ಹೆಸರು ಹಿಡಿದು, "ಸಿದ್ದರಾಜು ನೀರೊಳಗೆ ಕೂತವ್ನೆ! ಚಳಿ ಚಳಿ ಅಂತಾವ್ನೆ!" ಎಂದು ಕಿರುಚಿದೆ.

ನಗು ಒಮ್ಮೆಗೇ ನಿಂತಿತು. ಎಲ್ಲರೂ ನನ್ನನ್ನು ಬಿಟ್ಟು ಹಿಂದೆ ಕೂತಿದ್ದ ಒಬ್ಬ ಹೆಂಗಸಿನ ಕಡೆ ತಿರುಗಿದರು.

ಹೇಗೋ ನಾಟಕ ಮುಗಿಸಿದೆವು. ನಾನು ಗಡ್ಡ ಕೀಳುತ್ತಿದ್ದಾಗ ಆಕೆ ಹತ್ತಿರ ಬಂದರು.

"ಹಿನ್ನೀರಲ್ಲಿ ಮುಳುಗೋದ ನನ್ ಮಗನೇ ಸಿದ್ದರಾಜು," ಅಂದರು.

"ಅವ್ವಾ, ಅದು ಬರೀ ನಾಟಕ ಕಣವ್ವ. ಸುಳ್ಳು."

"ಗೊತ್ತು ಕಣಪ್ಪ. ಇನ್ನೂ ಚಳಿ ಅಂತಾವ್ನಾ?"

ಇಲ್ಲದ್ದನ್ನು ಹೇಳಬಾರದು ಅಂತಲೇ ಬಾಯಿ ತೆರೆದೆ.

"ಇಲ್ಲ ಕಣವ್ವ. ಈಗ ಬೆಚ್ಚಗವ್ನೆ."

ಆಕೆ ಕೈಮುಗಿದು ಹೊರಟರು.

ಆ ನಾಟಕ ಈಗಲೂ ಆಡ್ತೀವಿ, ಜನ ಈಗಲೂ ನಗ್ತಾರೆ. ಆ ಊರಿನವರು ಮಾತ್ರ ಸ್ವಾಮಿಗಳ ಮನೆ ಯಾವುದು ಅಂತ ವಿಚಾರಿಸಿಕೊಂಡು ನಮ್ಮ ಮನೆಗೇ ಬರುತ್ತಾರೆ.