ಕಲಾದಗಿ ಸರ್ ಕೇಳಿದ್ದು ಒಬ್ಬ ವಿದ್ಯಾರ್ಥಿಯನ್ನು

ಇಲ್ಲ... ಇನ್ನೂ ತಲೆಗೆ ಹೋಗ್ತಾ ಇಲ್ಲ.

ಶನಿವಾರ ಸಂಜೆ ಗೋರೆಗಾಂವ್‌ನ ನಮ್ಮ ಹೋಟೆಲಿನಲ್ಲಿ ಕೂತು, "ಪೂಜಾರಿ, ನಿನ್ನ ಸಾಂಬಾರ್ ಇವತ್ತೂ ಸಿಹಿನ ಆಗೇತಿ" ಅಂತ ಬೈದು ಲೋಕಲ್ ಹಿಡಿದವರು...
ಇವತ್ತು ಬೆಳಿಗ್ಗೆ ಬೊರಿವಲಿಯ ಮನೆಯಲ್ಲಿ, ಪೇಪರ್ ಓದ್ತಾ ಕೂತಿದ್ದ ಕುರ್ಚಿಯಲ್ಲೇ ಹೋಗಿಬಿಟ್ರು.

ಪ್ರೊ. ಬಸವಂತ ಕಲಾದಗಿ.
ಯೂನಿವರ್ಸಿಟಿಯ ಕನ್ನಡ ವಿಭಾಗದಲ್ಲಿ ಆಯುಷ್ಯ ಕಳೆದವರು. ರಿಟೈರ್ ಆದ ಮೇಲೂ ಸಂಬಳ ಇಲ್ಲದೆ ಪಾಠ ಮಾಡಿದವರು.

ಮಧ್ಯಾಹ್ನದಿಂದ ಎಲ್ಲರ ಫೇಸ್‌ಬುಕ್ ವಾಲ್ ಮೇಲೆ ಅವರದೇ ಫೋಟೋ.
ಎಲ್ಲ ಕಡೆ ಒಂದೇ ಫೋಟೋ... ಹೋದ ತಿಂಗಳ ಸನ್ಮಾನದ್ದು.
ಆ ದಿನದ ಕ್ಯಾಟರಿಂಗ್ ನಮ್ಮದು. ಹಾಗಾಗಿ ಏನೇನು ಖರ್ಚಾಯ್ತು ಅಂತ ನನಗೆ ಬಾಯಿಪಾಠ.

ಒಂದು ಎಸಿ ಹಾಲ್.
ಒಂದು ಶಾಲು, ಒಂದು ಪೇಟ, ಒಂದು ಹಣ್ಣಿನ ಬುಟ್ಟಿ.
ಒಂದು ಫ್ಲೆಕ್ಸ್... ಅದರಲ್ಲಿ ಹಳೆ ವಿದ್ಯಾರ್ಥಿ ಗಣ್ಯರ ಮುಖ ಇಷ್ಟಿಷ್ಟು ದೊಡ್ಡದು, ಸರ್ ಮುಖ ಮೂಲೆಯಲ್ಲಿ ಸ್ಟಾಂಪ್ ಸೈಜ್.
ಇನ್ನೂರು ಎಲೆ ಊಟ. ಮೇಲಿಂದ ಗಡ್‌ಬಡ್ ಐಸ್‌ಕ್ರೀಮ್.

ಇಷ್ಟೆಲ್ಲ ಯಾಕೆ ಆಯ್ತು ಅಂತ ಫೋಟೋ ಹಾಕಿದವರು ಬರೆದಿಲ್ಲ.
ನಾನು ಬರೀತೇನೆ.

ಈ ವರ್ಷ ಕನ್ನಡ ಎಂ.ಎ.ಗೆ ಹತ್ತು ಜನ ಸೇರದಿದ್ರೆ ಕ್ಲಾಸ್ ಬಂದ್ ಅಂತ ಮೇಲಿನಿಂದ ಆರ್ಡರ್ ಬಂತು.
ಸರ್ ಓಡಾಡಿ ಒಂಬತ್ತು ಜನರನ್ನು ಸೇರಿಸಿದ್ರು.
ಬೈಕುಲ್ಲಾದ ಇಬ್ಬರು ನರ್ಸ್‌ಗಳು, ಒಬ್ಬ ಇನ್ಶೂರೆನ್ಸ್ ಏಜೆಂಟ್, ನಮ್ಮ ಕ್ಯಾಶಿಯರ್ ಸದಾನಂದ... ಹೀಗೆ.
ಒಂಬತ್ತನೆಯವ ನಾನು. ಹಗಲು ಟೇಬಲ್ ಒರೆಸಿ ನೈಟ್ ಕಾಲೇಜಿನಲ್ಲಿ ಬಿ.ಎ. ಮಾಡಿದವ, ತಲೆ ಬೆಳ್ಳಗಾದ ಮೇಲೆ ಎಂ.ಎ.
ಒಬ್ಬರು ಕಮ್ಮಿ ಬಿದ್ರು.

ಆಗ ಸರ್ ತಮ್ಮ ಗಣ್ಯ ಶಿಷ್ಯರ ಮನೆ ಮನೆಗೆ ಹೋದ್ರು. ದುಡ್ಡು ಕೇಳಲಿಲ್ಲ.
"ಡಿಗ್ರಿ ಆದವ್ರು ಯಾರಾದ್ರೂ ಆಗ್ಲಿ... ನಿಮ್ಮ ಹೆಂಡ್ತಿ, ಸೊಸಿ, ಆಫೀಸಿನವ್ರು. ವಾರಕ್ಕ ಎರಡ್ ದಿನ ಬಂದು ಕೂತ್ರ ಸಾಕು."

ಬ್ಯಾಂಕಿನ ಮಾಜಿ ಚೇರ್ಮನ್ ರಾಜಾರಾಮ್ ಸಾಹೇಬ್ರು ಅಂದ್ರಂತೆ, "ವಾಟ್ ಎ ಪ್ಯಾಷನ್, ಸರ್. ನಿಮಗೊಂದು ಸನ್ಮಾನ ಮಾಡ್ಲೇಬೇಕು."
ಸೀರಿಯಲ್ ಡೈರೆಕ್ಟರ್ ಮನೋಹರ್, "ನಿಮ್ಮ ಮೇಲೆ ಒಂದು ವಿಡಿಯೋ ನಾನು ಮಾಡಿಸ್ತೇನೆ" ಅಂದ.
ಕೇಳಿದ್ದು ಒಬ್ಬ ವಿದ್ಯಾರ್ಥಿ. ಸಿಕ್ಕಿದ್ದು ಶಾಲು.

ಸನ್ಮಾನದ ದಿನ ಸರ್ ಪೇಟ ತೆಗೆದು ಟೇಬಲ್ ಮೇಲಿಟ್ಟು ಮೈಕ್ ಹಿಡಿದ್ರು.
"ಇದೆಲ್ಲಾ ಬ್ಯಾಡ. ನನಗ ಇನ್ನೊಬ್ಬ ವಿದ್ಯಾರ್ಥಿ ಬೇಕು. ಈ ಹಾಲ್‌ನಾಗ ಯಾರ್ ಬರ್ತೀರಿ, ಕೈ ಎತ್ರಿ."
ಎತ್ತಿದ್ರು. ಎಲ್ಲರೂ ಎತ್ತಿದ್ರು...
ಚಪ್ಪಾಳೆ ಹೊಡೀಲಿಕ್ಕೆ.

ಭಾಷಣದ ಒಳ್ಳೆ ಡೈಲಾಗ್ ಅಂತ ತಿಳ್ಕೊಂಡ್ರು ಮಾರಾಯ್ರೆ.
ರಾಜಾರಾಮ್ ಸಾಹೇಬ್ರಂತೂ ಎದ್ದು ನಿಂತು ಹೊಡೆದ್ರು.
ಸರ್ ಮತ್ತೊಮ್ಮೆ ಕೇಳಿದ್ರು. ಮತ್ತೊಮ್ಮೆ ಚಪ್ಪಾಳೆ.
ನಾನು ಸಾಂಬಾರಿನ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಸರ್ ನನ್ನ ಕಡೆ ನೋಡಿ ಮೈಕ್‌ನಲ್ಲೇ ಅಂದ್ರು, "ಪೂಜಾರಿ, ಊಟಕ್ಕ ಹಾಕಪಾ. ಇವ್ರಿಗೆ ಹಸಿವಾಗೇತಿ."
ಅದಕ್ಕೂ ಚಪ್ಪಾಳೆ.

ಸರ್... ಬೇಜಾರು ಮಾಡ್ಕೊಳ್ಬೇಡಿ, ಒಂದು ಮಾತು.
ಇವರಿಗೆ ಮಾತಾಡ್ಲಿಕ್ಕೆ ಕಲಿಸಿದ್ದು ನೀವೇ.
ಯಾರು ಸಿಕ್ಕಿದ್ರೂ "ಅವ್ರೆಲ್ಲಾ ನನ್ನ ಹುಡುಗ್ರು" ಅಂತ ಎದೆ ಉಬ್ಬಿಸ್ತಿದ್ರಿ.
ನಾನು ಅರ್ಧ ಆಯುಷ್ಯ ಗಲ್ಲಾದಲ್ಲಿ ಕೂತವ. ಬಿಲ್ ಬರುವ ಹೊತ್ತಿಗೆ ಯಾವ ಗಿರಾಕಿ ಕೈ ತೊಳೀಲಿಕ್ಕೆ ಏಳ್ತಾನೆ ಅಂತ ಅವನು ಒಳಗೆ ಬರುವಾಗಲೇ ನನಗೆ ಗೊತ್ತಾಗ್ತದೆ.
ನಿಮಗೆ ಗೊತ್ತಾಗಲಿಲ್ಲವಾ...
ಅಥವಾ ಗೊತ್ತಿದ್ದೂ ಅವರಿಗೇ ಬಡಿಸ್ತಾ ಇದ್ರಾ?

ಇವತ್ತು ಬೊರಿವಲಿಗೆ ಹೋದಾಗ ರಾಜಾರಾಮ್ ಸಾಹೇಬ್ರು ಆಗಲೇ ಸೋಫಾದಲ್ಲಿದ್ರು. ಸರ್ ಹೆಂಡತಿ ಗಂಗಕ್ಕನಿಗೆ ಸಮಾಧಾನ ಹೇಳ್ತಾ ಇದ್ರು.
"ಮೇಡಂ, ಡಿಪಾರ್ಟ್‌ಮೆಂಟಿನ ಕ್ಲಾಸ್‌ರೂಮಿನಲ್ಲೇ ವರ್ಷಕ್ಕೊಂದು ಸ್ಮಾರಕ ಉಪನ್ಯಾಸ ಇಡ್ತೇವೆ. ಗೋಡೆ ಮೇಲೆ ಸರ್ ದೊಡ್ಡ ಫೋಟೋ."
ಗಂಗಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು ಕೇಳಿದ್ರು, "ಅಲ್ಲಿ ಕೇಳಾಕ ಯಾರ್ ಕೂತಿರ್ತಾರ್ರಿ?"
ಸಾಹೇಬ್ರಿಗೆ ಅದೇ ಹೊತ್ತಿಗೆ ಫೋನ್ ಬಂತು. ರಿಂಗ್ ಆದದ್ದು ನಮಗ್ಯಾರಿಗೂ ಕೇಳಲಿಲ್ಲ.

ಅವರು ಲಿಫ್ಟ್ ಇಳಿದ ಮೇಲೆ ಗಂಗಕ್ಕ ನನ್ನನ್ನು ಅಡುಗೆಮನೆಗೆ ಕರೆದ್ರು.
"ಅಡ್ಮಿಷನ್ ಕಡೀ ದಿನ ಯಾವಾಗಪಾ?"
"ಶುಕ್ರವಾರ ಅಕ್ಕ. ಅದೆಲ್ಲ ಈಗ ಯಾಕೆ..."
"ಎಷ್ಟ್ ಮಂದಿ ಆದ್ರಿ?"
"ಒಂಬತ್ತೇ."
"ನಂದು ಧಾರವಾಡದ ಬಿ.ಎ. ಐತಿ. ಮದಿವಿ ಆದಮ್ಯಾಲೆ ಟ್ರಂಕ್‌ನಾಗ ಇಟ್ಟಿದ್ದು, ತೆಗೆದು ನೋಡಿಲ್ಲ. ನಡೀತೈತೇನು?"
ನಡೀತದೆ ಅಂದೆ.
ಅವರು ಹೊರಗಿನ ಕೋಣೆಯಲ್ಲಿ ಮಲಗಿಸಿದ್ದ ಸರ್ ಕಡೆ ತಿರುಗಿದ್ರು.
"ಊರ ಮಂದಿ ಹೆಂಡ್ರನ್ನೆಲ್ಲಾ ಕೇಳ್ಕೊಂತ ಅಡ್ಡಾಡಿದ್ರು. ನನ್ನ ಒಂದ್ ಮಾತ್ ಕೇಳ್ಲಿಲ್ಲ ನೋಡಪಾ."

ಇನ್ನು ಯಾರಿಗೆ ಏನು ಸಿಕ್ಕಿತು...

ರಾಜಾರಾಮ್ ಸಾಹೇಬ್ರಿಗೆ, ಸ್ಮಾರಕ ಸಮಿತಿಯ ಅಧ್ಯಕ್ಷತೆ.
ಮನೋಹರ್‌ಗೆ, ವಿಡಿಯೋಕ್ಕೆ ಒಂದು ಕೊನೆ ಸೀನ್.
ಯೂನಿವರ್ಸಿಟಿಗೆ, ವೆಬ್‌ಸೈಟಿನ ಗಣ್ಯ ಅಧ್ಯಾಪಕರ ಪಟ್ಟಿಯಲ್ಲಿ ಇನ್ನೊಂದು ಹೆಸರು. ಮಧ್ಯಾಹ್ನವೇ ಹಾಕಿದ್ದಾರೆ, ಸ್ಪೆಲಿಂಗ್ ತಪ್ಪು.
ನನಗೆ, ಕ್ಯಾಟರಿಂಗ್ ಬಿಲ್ ಪೂರ್ತಿ. ಸುಳ್ಳು ಯಾಕೆ ಹೇಳಲಿ.
ಎಂ.ಎ. ಕ್ಲಾಸಿಗೆ, ಗಂಗಾಬಾಯಿ ಬಸವಂತ ಕಲಾದಗಿ.
ಸರ್... ನಿಮಗೆ, ನಿಮ್ಮ ಕ್ಲಾಸು. ಜೀವ ತಣ್ಣಗಿರಲಿ.