ಆನೆ ಇಲ್ಲದ ತಿರುವು

ನಾನೀಗ ಡಿಪೋದಲ್ಲಿ ಬಸ್ಸುಗಳ ಟೈರಿನ ಗಾಳಿ ನೋಡುವವನು. ಸಕಲೇಶಪುರದಿಂದ ಹಾನುಬಾಳಿಗೆ ಬಸ್ ಓಡಿಸುತ್ತಿದ್ದವನಿಗೆ ಇದೇನು ಗತಿ ಎಂದು ಕನಿಕರ ಪಡುವವರಿದ್ದಾರೆ. ಪಡಲಿ. ಕೈಮುಗಿದು ಕೇಳಿ ಪಡೆದ ಕೆಲಸ ಇದು. ಬೆಳಕಿರುವಾಗಲೇ ಮನೆ ಸೇರಿ, ಹೆಂಡತಿ ಜೊತೆ ಕೂತು ಉಣ್ಣುತ್ತೇನೆ.

ಮೊದಲು ನನಗೊಂದು ಕೊಬ್ಬಿತ್ತು. ರಜೆ ಹಾಕುವವರನ್ನು ಕಂಡರೆ ಆಗುತ್ತಿರಲಿಲ್ಲ. ಹಬ್ಬಕ್ಕೆ ಯಾರಾದರೂ ಊರಿಗೆ ಹೊರಟರೆ ಅವರ ಡ್ಯೂಟಿಯೂ ನನಗೇ ಇರಲಿ ಎನ್ನುತ್ತಿದ್ದೆ. "ನೀವು ಆ ಬಸ್ಸನ್ನೇ ಕಟ್ಕಬೇಕಿತ್ತು" ಎಂದು ಹೆಂಡತಿ ರೇಗಿದರೆ ನಗುತ್ತಿದ್ದೆ. ಐವತ್ತರ ಹತ್ತಿರ ಬಂದಾಗ ಆ ನಗು ನಿಂತಿತು. ಬೆಳಗ್ಗೆ ಖಾಕಿ ಅಂಗಿಯನ್ನು ತೊಡೆ ಮೇಲಿಟ್ಟುಕೊಂಡು ಕೂತೇ ಇರುತ್ತಿದ್ದೆ. ನಿದ್ದೆ ಇಲ್ಲ, ಊಟ ಸೇರದು. ಯಾರಿಗೂ ಹೇಳಲಿಲ್ಲ.

ಆವತ್ತು ಬೆಳಗಿನ ಟ್ರಿಪ್. ಕಾಫಿ ತೋಟಗಳ ನಡುವಿನ ತಿರುವೊಂದರಲ್ಲಿ ಥಟ್ಟನೆ ಗೊತ್ತಾಯಿತು, ಹಿಂದಿನ ಸ್ಟಾಪಿನಿಂದ ಅಲ್ಲಿಯವರೆಗೆ ಬಂದದ್ದೇ ನನಗೆ ನೆನಪಿಲ್ಲ. ಸೇತುವೆ ದಾಟಿದೆನೋ? ಎದುರಿಗೆ ಜೀಪು ಬಂತೋ? ಏನೂ ಇಲ್ಲ. ಕಣ್ಣು ಬಿಟ್ಟುಕೊಂಡೇ ಇದ್ದೆ, ಬಸ್ಸು ತುಂಬ ಜನ ಇದ್ದರು, ಹಾಗಾದರೆ ಓಡಿಸಿದ್ದು ಯಾರು? ಎದೆ ಹೊಡೆದುಕೊಂಡ ರೀತಿಗೆ ಸತ್ತೇ ಹೋಗುತ್ತೇನೆ ಎನಿಸಿತು. ಬ್ರೇಕ್ ತುಳಿದು ನಿಂತುಬಿಟ್ಟೆ.

ನಮ್ಮ ಕಡೆ ಬಸ್ಸು ನಡುದಾರಿಯಲ್ಲಿ ನಿಂತರೆ ಯಾಕೆಂದು ಯಾರೂ ಕೂಗುವುದಿಲ್ಲ. ಎದುರಿಗೆ ಆನೆ ಇದೆ ಎಂದೇ ಲೆಕ್ಕ. ಮಾತು ನಿಂತಿತು. ಯಾರದೋ ಮೊಬೈಲಿನ ಹಾಡೂ ನಿಂತಿತು. ಕಂಡಕ್ಟರ್ ಹುಡುಗ ಬಗ್ಗಿ ಬಂದು ಪಿಸುಗುಟ್ಟಿದ, "ಎಲ್ಲೈತಣ್ಣ? ಒಂಟಿ ಆನೇನಾ?"

ಬಾಯಿಗೆ ಸುಳ್ಳು ಬಂದೇ ಬಿಟ್ಟಿತ್ತು. ದಾಟಿ ಹೋಯ್ತು ಎಂದು ಗೇರ್ ಹಾಕಿದರೆ ಮುಗಿಯಿತು, ಮರ್ಯಾದೆ ಉಳಿಯುತ್ತದೆ. ಆದರೆ ಮುಂದೆ ಇನ್ನೂ ತಿರುವುಗಳಿದ್ದವು, ಪಕ್ಕದಲ್ಲಿ ಆಳದ ಹಳ್ಳ. ನಿಜಕ್ಕೂ ಒಂದು ಆನೆ ಬಂದು ನಿಲ್ಲಬಾರದೇ ಎಂದು ದೇವರನ್ನು ಬೇಡಿಕೊಂಡೆ. ಸ್ಟೇರಿಂಗ್ ಮೇಲಿದ್ದ ನನ್ನದೇ ಕೈ ನೋಡಿ ನನಗೆ ಹೆದರಿಕೆಯಾಗುತ್ತಿತ್ತು.

ಇಂಜಿನ್ ಆಫ್ ಮಾಡಿದೆ.

"ಆನೆ ಇಲ್ಲ ಕಣೋ. ನಂಗೇ ಏನೋ ಆಗೈತೆ. ಬಂದ ದಾರೀನೇ ಗೊತ್ತಿಲ್ಲ. ಇನ್ನು ಓಡ್ಸಕಾಗಲ್ಲ" ಎಂದೆ. ಹೇಳಿದ್ದು ಮೆಲ್ಲಗೆ. ಆ ಮೌನದಲ್ಲಿ ಕೊನೆ ಸೀಟಿಗೂ ಕೇಳಿಸಿತು.

"ನೀರ್ ಕುಡ್ದು ಸುಧಾರಿಸ್ಕಳಣ್ಣ. ಆಮೇಲೆ ನಿಧಾನಕ್ ಹೋಗಾನ" ಎಂದ ಅವನು.

ನನ್ನ ಹಿಂದಿನ ಸೀಟಿನಲ್ಲಿದ್ದ ಹೆಂಗಸು ಎದ್ದಳು. ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ ನನ್ನ ಬಸ್ಸಿಗೇ ಕಾದು ಹತ್ತುತ್ತಿದ್ದವಳು. ಮಗುವನ್ನು ಸೊಂಟಕ್ಕೇರಿಸಿಕೊಂಡು, ನನ್ನ ಮುಖ ನೋಡದೆ ಕೆಳಗಿಳಿದು, ಆನೆ ಓಡಾಡುವ ಆ ದಾರಿಯಲ್ಲೇ ನಡೆದು ಹೊರಟಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆ ಬಸ್ಸಲ್ಲಿ ನಾನೂ ಕೂರುತ್ತಿರಲಿಲ್ಲ.